ರೀಬೂಟ್ ಆದಮೇಲೆ ಎಸ್‌ಡಿಎ, ಎಸ್‌ಡಿಬಿ ಅದಲುಬದಲು ಆಗುವುದೇಕೆ?

ಎಸ್‌ಡಿಎ (sda), ಎಸ್‌ಡಿಬಿ (sdb) ಎಂಬುವು ಲಿನಕ್ಸ್ ಡಿಸ್ಕ್‌ಗಳಿಗೆ ಕೊಡುವ ಹೆಸರುಗಳು. ಅವು ಡಿಸ್ಕ್‌ಗೆ ಅಂಟಿಕೊಂಡವಲ್ಲ. ಮೊದಲು ನೋಂದಣಿಯಾದದ್ದು ಎಸ್‌ಡಿಎ, ಅಷ್ಟೇ.

ಪಿಸಿಐ ಸಾಧನಗಳನ್ನು (ಮದರ್‌ಬೋರ್ಡ್‌ಗೆ ಜೋಡಿಸಿದ ಕಾರ್ಡ್, ಕಂಟ್ರೋಲರ್‌ಗಳನ್ನು) ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಬಸ್, ಸ್ಲಾಟ್, ಫಂಕ್ಷನ್ ಸಂಖ್ಯೆಗಳ ಕ್ರಮದಲ್ಲೇ ಹುಡುಕುತ್ತದೆ. ಅಲ್ಲಿಯವರೆಗೆ ಗೊಂದಲವಿಲ್ಲ. ಆಮೇಲೆ ಡ್ರೈವರ್‌ಗಳ ಸರದಿ. ಕರ್ನಲ್‌ನೊಳಗೇ ಸೇರಿಸಿದ ಡ್ರೈವರ್‌ಗಳು ಇನಿಟ್‌ಕಾಲ್ (ಬೂಟ್ ವೇಳೆ ಕರ್ನಲ್ ಕರೆಯುವ ಆರಂಭಿಕ ಫಂಕ್ಷನ್) ಹಂತ ಮತ್ತು ಲಿಂಕ್ ಆದ ಕ್ರಮದಂತೆ ಶುರುವಾಗುತ್ತವೆ. ಮಾಡ್ಯೂಲ್‌ಗಳು, ಅಂದರೆ ಪ್ರತ್ಯೇಕ ಫೈಲ್‌ನಲ್ಲಿರುವ ಡ್ರೈವರ್‌ಗಳು ಮಾತ್ರ, ಸಾಧನಗಳನ್ನು ನೋಡಿಕೊಳ್ಳುವ ಯೂಡೆವ್ (udev) ಲೋಡ್ ಮಾಡಿದಾಗ. ಜೊತೆಗೆ ಡಿಸ್ಕ್‌ಗಳ ಪತ್ತೆ ಏಕಕಾಲಕ್ಕೆ ಸಮಾನಾಂತರವಾಗಿ ನಡೆಯುವುದರಿಂದ, ನಿಧಾನವಾಗಿ ತಿರುಗಲು ಶುರುವಾಗುವ ಡಿಸ್ಕ್ ಹಿಂದೆ ಬೀಳಬಹುದು. ಕೇಬಲ್ ಬದಲಿಸಿ ಪ್ರಯೋಜನವಿಲ್ಲ.

ಆದ್ದರಿಂದ ಬ್ಲ್ಕ್‌ಐಡಿ (blkid) ಕಮಾಂಡ್ ಓಡಿಸಿ ಯುಯುಐಡಿ (ಫೈಲ್‌ಸಿಸ್ಟಮ್‌ನಲ್ಲೇ ಬರೆದಿರುವ ಅನನ್ಯ ಗುರುತು) ತೆಗೆದುಕೊಂಡು, ಬೂಟ್‌ನಲ್ಲಿ ಯಾವ ಡಿಸ್ಕ್ ಎಲ್ಲಿ ಜೋಡಿಸಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ (/etc/fstab) ಫೈಲ್‌ನಲ್ಲಿ ಅದನ್ನೇ ಬರೆಯಿರಿ. ಯುಎಸ್‌ಬಿ ಡಿಸ್ಕ್‌ಗೆ ನೋಫೇಲ್ (nofail) ಆಯ್ಕೆಯೂ ಇರಲಿ, ಇಲ್ಲದಿದ್ದರೆ ಅದನ್ನು ಚುಚ್ಚದ ದಿನ ಬೂಟ್ ಎಮರ್ಜೆನ್ಸಿ ಮೋಡ್‌ಗೆ ಬಿದ್ದೀತು. ಬೂಟ್‌ಲೋಡರ್‌ನಲ್ಲಿ ಮುಖ್ಯ ಫೈಲ್‌ಸಿಸ್ಟಮ್ ಎಲ್ಲಿದೆ ಎಂದು ಹೇಳುವ ರೂಟ್ (root=) ಸಾಲನ್ನೂ ಮರೆಯಬೇಡಿ. ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆರಂಭದಲ್ಲಿ ಮೆಮೊರಿಗೆ ಬರುವ ತಾತ್ಕಾಲಿಕ ಫೈಲ್‌ಸಿಸ್ಟಮ್) ಇಲ್ಲದ ವ್ಯವಸ್ಥೆಯಲ್ಲಿ ಅಲ್ಲಿ ಫೈಲ್‌ಸಿಸ್ಟಮ್‌ನ ಯುಯುಐಡಿ ನಡೆಯುವುದಿಲ್ಲ, ಪಾರ್ಟಿಶನ್ ಟೇಬಲ್‌ನಲ್ಲಿರುವ ಗುರುತಾದ ಪಾರ್ಟ್‌ಯುಯುಐಡಿಯೇ (PARTUUID) ಬೇಕು. ಕರ್ನಲ್ ತಾನಾಗಿ ಓದಬಲ್ಲದ್ದು ಪಾರ್ಟಿಶನ್ ಟೇಬಲ್ ಮಾತ್ರ.

ನೆಟ್‌ವರ್ಕ್ ಕಾರ್ಡ್‌ನ ಇಎನ್‌ಪಿ3ಎಸ್0 (enp3s0) ಎಂಬ ಹೆಸರು ಬಸ್ 3, ಸ್ಲಾಟ್ 0 ಎಂಬುದರಿಂದ ಬಂದದ್ದು. ಹೊಸ ಪಿಸಿಐ ಕಾರ್ಡ್ ಹಾಕಿದಾಗ ಬಸ್ ಸಂಖ್ಯೆ ಸರಿದು ಅದೂ ಬದಲಾಗಬಹುದು.