ಸ್ಕೇಲ್ ಮಾಡೆಲಿಂಗ್ ಪತ್ರಿಕೆಯಲ್ಲಿ ಏನಿದ್ದರೆ ದುಡ್ಡು ಕೊಟ್ಟು ಕೊಳ್ಳಬಹುದು?

ಸ್ಕೇಲ್ ಮಾಡೆಲಿಂಗ್‌ಗೆ, ಅಂದರೆ ನಿಜವಾದ ವಿಮಾನ, ಯುದ್ಧದ ಟ್ಯಾಂಕುಗಳನ್ನು ಅಳತೆ ತಪ್ಪದೆ ಚಿಕ್ಕದಾಗಿ ಕಟ್ಟುವ ಹವ್ಯಾಸಕ್ಕೆ, ಕನ್ನಡದಲ್ಲಿ ಒಂದು ಪತ್ರಿಕೆ ತರಬೇಕು ಅಂದುಕೊಂಡಿದ್ದೀರಿ. ಅದರಲ್ಲಿ ಏನಿರಬೇಕು, ಯೂಟ್ಯೂಬ್ ಇರುವಾಗ ಯಾರಾದರೂ ಕೊಳ್ಳುತ್ತಾರಾ ಅಂತ ಕೇಳಿದ್ದೀರಿ. ಕೊಳ್ಳುತ್ತಾರೆ. ಆದರೆ ಟೇಬಲ್ ಮೇಲೆ ಬಿಚ್ಚಿಟ್ಟುಕೊಂಡು ಕೆಲಸ ಮಾಡುವಂಥದ್ದು ಕೊಟ್ಟರೆ ಮಾತ್ರ. ಮುಗಿದ ಮಾಡೆಲ್‌ಗಳ ಚೆಂದದ ಫೋಟೋ ಈಗ ಫೋನ್‌ನಲ್ಲಿ ರಾಶಿ ರಾಶಿ ಸಿಗುತ್ತವೆ, ಅದೂ ಬಿಟ್ಟಿ.

ನಾನು ದಾವಣಗೆರೆಯವನು, ಹೆಚ್ಚಾಗಿ ವಿಮಾನ ಕಟ್ಟುತ್ತೇನೆ. ನನಗೆ ಮೊದಲು ಬೇಕಾಗಿರುವುದು ಅಳತೆಯ ಡ್ರಾಯಿಂಗ್. ಮೇಲಿನಿಂದ, ಪಕ್ಕದಿಂದ, ಎದುರಿನಿಂದ. 1/72ರಲ್ಲಿ, ಅಂದರೆ ನಿಜವಾದದ್ದರ 72ರಲ್ಲಿ ಒಂದು ಪಾಲು ಅಳತೆಯಲ್ಲಿ, ಹಾಕಿದರೆ ಸಾಕು, 1/48 ಕಟ್ಟುವವರು ಜೆರಾಕ್ಸ್ ಅಂಗಡಿಯಲ್ಲಿ 150 ಪರ್ಸೆಂಟ್ ದೊಡ್ಡದು ಮಾಡಿಸಿಕೊಳ್ಳುತ್ತಾರೆ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಪ್ರಿಂಟ್ ಆಗಿರಲೇಬೇಕು. ಪ್ರೆಸ್ಸಿನಲ್ಲೋ ಜೆರಾಕ್ಸಿನಲ್ಲೋ ಸ್ವಲ್ಪ ಕುಗ್ಗಿದರೆ ಆ ಪಟ್ಟಿಯ ಮೇಲೆ ಸ್ಕೇಲ್ ಇಟ್ಟ ತಕ್ಷಣ ಗೊತ್ತಾಗುತ್ತದೆ.

ಎಚ್‌ಎಎಲ್‌ನ ಯುದ್ಧವಿಮಾನ ಮಾರುತ್ ತೆಗೆದುಕೊಳ್ಳಿ. ಉದ್ದ 15.87 ಮೀಟರ್. 1/72ಕ್ಕೆ ಇಳಿಸಿದರೆ 22 ಸೆಂಟಿಮೀಟರ್. ಎರಡು ಪರ್ಸೆಂಟ್ ಕುಗ್ಗಿದರೆ 4 ಮಿಲಿಮೀಟರಿಗಿಂತ ಜಾಸ್ತಿ ಹೋಯಿತು, ಮೂಗಿನ ಆಕಾರವೇ ಕೆಟ್ಟಿತು. ಇನ್ನೊಂದು ತೊಂದರೆ ಇದೆ. ಎ4 ಪುಟದ ಅಗಲ 21 ಸೆಂಟಿಮೀಟರ್, ಹಾಗಾಗಿ ಅಡ್ಡಕ್ಕೆ ಕೂರುವುದಿಲ್ಲ. ಆಗ ಎಡಿಟರ್‌ಗಳು ಎರಡು ಪುಟಕ್ಕೆ ಹರಡಿಬಿಡುತ್ತಾರೆ, ರೆಕ್ಕೆ ಮೈಗೆ ಸೇರುವ ಜಾಗವೇ ಬೈಂಡಿಂಗ್ ಒಳಗೆ ಹೋಗಿ ಕೂರುತ್ತದೆ. ನೋಡಬೇಕಾಗಿರುವುದೇ ಆ ಜಾಗ! ದಯವಿಟ್ಟು ಪುಟದ ಉದ್ದಕ್ಕೆ ತಿರುಗಿಸಿ ಹಾಕಿ. ಪಿನ್ ಹೊಡೆಯುವ ಪತ್ರಿಕೆಯಾದರೆ ನಡುವಿನ ಹಾಳೆ ಡ್ರಾಯಿಂಗಿಗೇ ಮೀಸಲಿಡಿ.

ಜೊತೆಗೆ ಟೂರಿಸ್ಟ್‌ಗಳು ತೆಗೆಯದ ಫೋಟೋ ಬೇಕು. ಮಾರುತ್ ವಿನ್ಯಾಸ ಮಾಡಿದ್ದು ಜರ್ಮನಿಯ ಎಂಜಿನಿಯರ್ ಕುರ್ಟ್ ಟ್ಯಾಂಕ್, ಮೊದಲು ಹಾರಿದ್ದು 1961ರ ಜೂನ್ 17ರಂದು ಅನ್ನುವುದೆಲ್ಲ ಹುಡುಕಿದರೆ ಸಿಗುತ್ತದೆ. ಚಕ್ರ ಮಡಚಿ ಕೂರುವ ಗೂಡಿನೊಳಗೆ ಪೈಪ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೆ ಒಳ್ಳೆ ಫೋಟೋ ಸಿಗುವುದೇ ಕಷ್ಟ. ಎಷ್ಟೋ ಪತ್ರಿಕೆಗಳು ನಾಲ್ಕು ಪುಟ ಯುದ್ಧದ ಇತಿಹಾಸ ಬರೆದು ಈ ಒಂದು ಫೋಟೋ ಬಿಟ್ಟುಬಿಡುತ್ತವೆ.

ಎರಡನೆಯದು ಕಿಟ್ ವಿಮರ್ಶೆ. ಕಿಟ್ ಅಂದರೆ ಜೋಡಿಸಿ ಕಟ್ಟುವ ಬಿಡಿಭಾಗಗಳ ಡಬ್ಬಿ. ಡಬ್ಬಿ ತೆರೆದು, ಸ್ಪ್ರೂಗಳ (ಬಿಡಿಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟು) ಫೋಟೋ ಹಾಕಿ, 'ವಿವರಗಳು ಅದ್ಭುತವಾಗಿವೆ' ಅಂತ ಬರೆಯುವುದು ವಿಮರ್ಶೆ ಅಲ್ಲ, ಜಾಹೀರಾತು. ಕಟ್ಟಿ ನೋಡಿ ಬರೆಯಿರಿ. 1982ರಲ್ಲಿ ಶುರುವಾದ ಅಮೆರಿಕದ ಫೈನ್‌ಸ್ಕೇಲ್ ಮಾಡೆಲರ್ ಪತ್ರಿಕೆಯ ಹೆಚ್ಚುಗಾರಿಕೆ ಅದೇ. ಅಲ್ಲಿ ಕಿಟ್ ಕಟ್ಟಿ ಮುಗಿಸಿದವರು ಬರೆಯುತ್ತಾರೆ, ಎಷ್ಟು ಗಂಟೆ ಹಿಡಿಯಿತು ಅಂತಲೂ ಹೇಳುತ್ತಾರೆ. ರೆಕ್ಕೆ ಬುಡದಲ್ಲಿ ಸಂದು ತುಂಬಲು ಪುಟ್ಟಿ ಬೇಕಾಯಿತಾ, ಡೀಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರ) ನೀರಿಗೆ ಹಾಕಿದಾಗ ಚೂರಾಯಿತಾ, ಯಾವ ಹಂತದಲ್ಲಿ ಸೂಚನಾ ಹಾಳೆ ದಾರಿ ತಪ್ಪಿಸುತ್ತದೆ, ಇಷ್ಟು ಗೊತ್ತಾದರೆ ಸಾವಿರಾರು ರೂಪಾಯಿ ಹಾಕಬೇಕಾ ಬೇಡವಾ ಅಂತ ನಿರ್ಧಾರ ಮಾಡಬಹುದು. ಕಿಟ್ ಕಂಪನಿಯವರು ಸುಮ್ನೆ ಕಳಿಸಿದ್ದಾದರೆ ಅದನ್ನೂ ಬರೆಯಿರಿ. ಹಾಗಂತ ಜಾಹೀರಾತೇ ಬೇಡ ಅನ್ನುತ್ತಿಲ್ಲ. ಬೆಲೆ ಹಾಕಿರುವ ಅಂಗಡಿ ಜಾಹೀರಾತನ್ನು ನಾನಂತೂ ಲೇಖನಕ್ಕಿಂತ ಮೊದಲೇ ಓದುತ್ತೇನೆ.

ಬಣ್ಣದ ವಿಷಯಕ್ಕೆ ಬಂದರೆ, ಕನ್ನಡ ಪತ್ರಿಕೆಗೆ ನಿಜವಾಗಿ ಜಾಗ ಇರುವುದು ಇಲ್ಲೇ. ಹೊರಗಿನ ಪತ್ರಿಕೆ ಹೇಳುವ ಡಬ್ಬಿ ಬಣ್ಣ ನಮಗೆ ಬೇಕಾದಾಗ ಸಿಗುವುದಿಲ್ಲ. ಬೆಂಕಿ ಹತ್ತುವ ವಸ್ತು ಅಂತ ವಿಮಾನದ ಪಾರ್ಸೆಲ್‌ನಲ್ಲಿ ಕಳಿಸುವುದಕ್ಕೂ ನಿರ್ಬಂಧ ಇದೆ. ಕಾರ್ ಪೇಂಟ್ ಅಂಗಡಿಯ ಡ್ಯೂಕೋ ಬಣ್ಣ, ಅದನ್ನು ತೆಳು ಮಾಡುವ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಮಾತ್ರ ಊರಲ್ಲೇ ಸಿಗುತ್ತವೆ. ಆದರೆ ಎನ್‌ಸಿ ಥಿನ್ನರ್ ಬರೀ ಪ್ಲಾಸ್ಟಿಕ್ ಮೇಲೆ ಬಿದ್ದರೆ ಕಿಟ್‌ನ ಪ್ಲಾಸ್ಟಿಕ್ ಆದ ಪಾಲಿಸ್ಟೈರೀನ್ ಕರಗುತ್ತದೆ, ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕು ಏಳುತ್ತವೆ. ಕೆಳಗೆ ಪ್ರೈಮರ್ ಹಾಕಿ, ತೆಳ್ಳಗೆ ಮಂಜು ಹಾರಿಸಿದ ಹಾಗೆ ಹಲವು ಸಲ ಹೊಡೆಯಬೇಕು. ಎಷ್ಟು ಬಣ್ಣಕ್ಕೆ ಎಷ್ಟು ಥಿನ್ನರ್, ಎಷ್ಟು ಪ್ರೆಶರ್ ಅಂತ ಅಂಕಿ ಹಾಕಿ ಬರೆಯಿರಿ. 'ಹಾಲಿನಷ್ಟು ತೆಳು' ಅಂದರೆ ಯಾರ ಮನೆ ಹಾಲು?

ಹವೆಯನ್ನೂ ಮರೆಯಬೇಡಿ. ಏಪ್ರಿಲ್‌ನಲ್ಲಿ ಇಲ್ಲಿ 38 ಡಿಗ್ರಿ ಹತ್ತಿರ ಹೋಗುತ್ತದೆ. ಏರ್‌ಬ್ರಷ್‌ನಿಂದ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ) ಹೊರಟ ಬಣ್ಣ ಮಾಡೆಲ್ ಮುಟ್ಟುವಷ್ಟರಲ್ಲೇ ಒಣಗಿ ಮರಳು ಮರಳಾಗುತ್ತದೆ. ಬೇಗ ಆರದ ಥಿನ್ನರ್ ಬೆರೆಸಿ ಹತ್ತಿರದಿಂದ ಹೊಡೆಯಬೇಕು. ಮಳೆಗಾಲದಲ್ಲಿ ಅದೇ ಎನ್‌ಸಿ ಬಣ್ಣ ತೇವ ಹಿಡಿದು ಬಿಳಿ ಮಬ್ಬು ಕಟ್ಟುತ್ತದೆ. ಇಂಗ್ಲೆಂಡಿನವರಿಗೆ ಇದನ್ನೆಲ್ಲ ಬರೆಯುವ ಗರಜು ಏನಿದೆ, ಅಲ್ವಾ? ಟ್ಯಾಂಕಿಗೆ ಕೆಸರು ಬಳಿಯುವುದೂ ಹಾಗೇ. ಅವರು ಯುರೋಪಿನ ಕಂದು ಕೆಸರು ತೋರಿಸುತ್ತಾರೆ. ನಮ್ಮ ಎರೆಮಣ್ಣು ಒದ್ದೆಯಾದಾಗ ಕಪ್ಪು, ಒಣಗಿದರೆ ಬೂದಿ.

ಬಣ್ಣದ ಚೌಕಗಳನ್ನು ಪ್ರಿಂಟ್ ಮಾಡಿ 'ಇದೇ ಬಣ್ಣ' ಅನ್ನಬೇಡಿ. ನಾಲ್ಕು ಇಂಕಿನ ಪ್ರೆಸ್ಸಿನಲ್ಲಿ ಬೂದು ಬಣ್ಣ ನಂಬುವ ಹಾಗಿಲ್ಲ. ಅಮೆರಿಕದ ಸರ್ಕಾರಿ ಬಣ್ಣದ ಪಟ್ಟಿಯ ಎಫ್‌ಎಸ್ (ಫೆಡರಲ್ ಸ್ಟ್ಯಾಂಡರ್ಡ್) ನಂಬರ್ ಕೊಡಿ. 36375 ಅಂದರೆ ಮೊದಲಿನ 3 ಹೊಳಪಿಲ್ಲದ್ದು, ಆಮೇಲಿನ 6 ಬೂದು ಗುಂಪು. ಇಷ್ಟು ಗೊತ್ತಿದ್ದರೆ ಉಳಿದದ್ದನ್ನು ಹೊಂದಿಸಿಕೊಳ್ಳುತ್ತೇವೆ.

ತಿಂಗಳಿಗೊಂದು ತರಬೇಡಿ, ಮೂರು ತಿಂಗಳಿಗೊಂದು ಸಾಕು. ಕಟ್ಟಿ ಬರೆಯುವುದಕ್ಕೆ ಅಷ್ಟು ಟೈಮ್ ಬೇಕೇ ಬೇಕು. ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂನಲ್ಲಿ ಮಾರುತ್ ಇದೆ. ಮೊದಲ ಸಂಚಿಕೆಗೆ ಅದನ್ನೇ ಹಾಕುವುದಾದರೆ ಒಳಗಿನ ಫೋಟೋಗೆ ಅನುಮತಿ ನೀವು ಕೇಳಿ, ಟೇಪ್ ಹಿಡಿದು ಅಳತೆ ತೆಗೆಯುವುದಕ್ಕೆ ನಾನು ಬರುತ್ತೇನೆ. ಬಸ್ ಚಾರ್ಜ್ ನನ್ನದೇ.