21ಕ್ಕೆ ಸರೋದ್ ಶುರು ಮಾಡಿದರೆ ತಡವಾಯ್ತಾ?

ರಾಯಚೂರಿನಲ್ಲಿ ಇಂಜಿನಿಯರಿಂಗ್ ಮುಗಿಸುತ್ತಿರುವ ಮಗ 21ನೇ ವಯಸ್ಸಿನಲ್ಲಿ ಸರೋದ್ ಎಂಬ ತಂತಿವಾದ್ಯ ಕಲಿಯಬೇಕು ಅಂತಿದ್ದಾನೆ, ತಡವಾಯ್ತಾ ಅಂತ ಕೇಳಿದ್ದೀರಿ. ಇಲ್ಲ. ಸರೋದ್ ವಾದಕ ರಾಜೀವ ತಾರಾನಾಥರನ್ನೇ ನೋಡಿ. ಹುಟ್ಟಿದ್ದು 1932ರಲ್ಲಿ, ಬೆಂಗಳೂರಿನಲ್ಲಿ. ಆದರೂ ನಮ್ಮ ರಾಯಚೂರಿಗೆ ಹತ್ತಿರದವರು, ಇಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದ ಪಂಡಿತ ತಾರಾನಾಥರ ಮಗ. ಅವರು ಸರೋದ್‌ಗೆ ಮನಸೋತಿದ್ದು ಇಪ್ಪತ್ತರ ಆಸುಪಾಸಿನಲ್ಲಿ, ಹೆಸರಾಂತ ಸರೋದ್ ವಾದಕ ಅಲಿ ಅಕ್ಬರ್ ಖಾನರ ಕಛೇರಿ ಕೇಳಿದ ಮೇಲೆ. ಆಮೇಲೆ ಅವರ ಶಿಷ್ಯರೇ ಆದರು. ಇತ್ತ ಇಂಗ್ಲಿಷ್ ಸಾಹಿತ್ಯದಲ್ಲಿ ಪಿಎಚ್‌ಡಿ, ಮೇಷ್ಟರ ಕೆಲಸ. ಕೊನೆಗೆ ಅದನ್ನು ಬಿಟ್ಟು ಪೂರ್ತಿ ಸಂಗೀತಕ್ಕೆ ಬಂದರು. 2019ರಲ್ಲಿ ಪದ್ಮಶ್ರೀ.

ಒಂದು ಮಾತ್ರ ಮರೀಬೇಡಿ. ಅವರಿಗೆ ಚಿಕ್ಕಂದಿನಲ್ಲೇ ಹಾಡುಗಾರಿಕೆಯ ಪಾಠ ಆಗಿತ್ತು, ಕಿವಿ ತಯಾರಿತ್ತು. ನಿಮ್ಮ ಮಗನಿಗೆ ಅದಿಲ್ಲದಿದ್ದರೆ ಮೊದಲು ಸ್ವಲ್ಪ ಕಾಲ ಹಾಡು ಕಲಿಯಲಿ. ಸರೋದ್‌ಗೆ ಸಿತಾರಿನ ಹಾಗೆ ಸ್ವರದ ಜಾಗ ತೋರಿಸುವ ಮೆಟ್ಟುಗಳಿಲ್ಲ. ನುಣುಪಾದ ಲೋಹದ ಪಟ್ಟಿಯ ಮೇಲೆ ತಂತಿಗೆ ಉಗುರು ಜಾರಿಸಿ ಸ್ವರ ಹುಡುಕಬೇಕು, ದಾರಿ ತೋರಿಸುವುದು ಕಿವಿಯೇ. ಡಿಗ್ರಿ ಮುಗಿಸಲಿ, ಅದರಲ್ಲಿ ಎರಡು ಮಾತಿಲ್ಲ.

ಹಾಂ, ವಾದ್ಯದ ಮುಖಕ್ಕೆ ಮೇಕೆ ಚರ್ಮ ಬಿಗಿದಿರುತ್ತದೆ. ನಮ್ಮ ಬೇಸಿಗೆ ಗೊತ್ತಲ್ಲ! ಬಿಸಿಲಲ್ಲಿ ಇಡಬೇಡಿ. ಕೂಲರ್ ಎದುರಿಗಂತೂ ಬೇಡವೇ ಬೇಡ, ತೇವಕ್ಕೆ ಚರ್ಮ ಸಡಿಲಾಗಿ ಶ್ರುತಿ ಹೋಗುತ್ತದೆ.