ಓದುಗರ ಪ್ರಶ್ನೆ, ನಮ್ಮ ಉತ್ತರ: ಟ್ಯೂಬಿಂಗನ್ನಿನಲ್ಲಿ ಓದಿದವರು, ಕಲಿಸಿದವರು

ಕಳೆದ ಸಂಚಿಕೆಯಲ್ಲಿ ಕಿಟೆಲ್ ನಿಘಂಟಿನ ಬಗ್ಗೆ ಬಂದಿದ್ದ ಪ್ರಶ್ನೆಗೆ ಉತ್ತರ ಬರೆಯುವಾಗ ಜರ್ಮನಿಯ ಟ್ಯೂಬಿಂಗನ್ ಎಂಬ ಊರನ್ನು ಹೆಸರಿಸಿದ್ದೆ. ನೆಕಾರ್ ನದಿಯ ದಂಡೆಯ ಆ ಸಣ್ಣ ಊರಿನ ವಿಶ್ವವಿದ್ಯಾಲಯ 1477ರಲ್ಲಿ ಆರಂಭವಾದದ್ದು ಎಂದೂ ಸೇರಿಸಿದ್ದೆ. ಅಷ್ಟಕ್ಕೇ ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಪತ್ರಗಳು ಬಂದಿವೆ. ಈ ಬಾರಿಯ ಪುಟ ಪೂರ್ತಿ ಅವಕ್ಕೇ ಮೀಸಲು.

ಕಿಟೆಲ್ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿ ಎಂದು ನಮ್ಮ ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ ಒಬ್ಬರು ಹೇಳಿದರು. ನಿಜವೇ?
– ಪದವಿ ವಿದ್ಯಾರ್ಥಿನಿ, ಕುಮಟಾ

ಅಲ್ಲ. ಫರ್ಡಿನೆಂಡ್ ಕಿಟೆಲ್ ಅಲ್ಲಿ ಓದಿದವರೂ ಅಲ್ಲ, ಅಲ್ಲಿ ಪಾಠ ಹೇಳಿದವರೂ ಅಲ್ಲ. 1832ರಲ್ಲಿ ಜರ್ಮನಿಯ ಉತ್ತರದ ಕರಾವಳಿಯ ಕಡೆ ಹುಟ್ಟಿದ ಅವರು ತರಬೇತಿ ಪಡೆದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನಲ್ಲಿ. 1853ರಲ್ಲಿ ಇಲ್ಲಿಗೆ ಬಂದರು. ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂತು. ಸುಮಾರು ಎಪ್ಪತ್ತು ಸಾವಿರ ಪದಗಳು, ಸಾವಿರದ ಏಳುನೂರಕ್ಕೂ ಹೆಚ್ಚು ಪುಟಗಳು. ಅದನ್ನು ಮೆಚ್ಚಿ ಟ್ಯೂಬಿಂಗನ್ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಕಡೆಗಾಲವನ್ನು ಅದೇ ಊರಿನಲ್ಲಿ ಕಳೆದು 1903ರಲ್ಲಿ ತೀರಿಕೊಂಡರು. ಓದಿದ್ದು, ಕಲಿಸಿದ್ದು, ಗೌರವ ಪಡೆದದ್ದು, ಊರಿನಲ್ಲಿ ನೆಲೆಸಿದ್ದು – ಈ ನಾಲ್ಕನ್ನೂ ಬೇರೆ ಬೇರೆಯಾಗಿಯೇ ನೋಡಬೇಕು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದ ಮನುಷ್ಯ ಇಷ್ಟು ದೊಡ್ಡ ಕೆಲಸ ಮಾಡಿದ ಎನ್ನುವುದನ್ನು ನಾವು ಮರೆಮಾಚುವುದೇಕೆ? ಅದು ಕಿಟೆಲ್ಲರ ಹಿರಿಮೆ.

ಅಲ್ಲಿ ನಿಜವಾಗಿ ಓದಿ ಕನ್ನಡಕ್ಕೆ ಬಂದವರು ಹರ್ಮನ್ ಮೋಗ್ಲಿಂಗ್. ಹುಟ್ಟಿದ್ದು 1811ರಲ್ಲಿ, ಟ್ಯೂಬಿಂಗನ್ನಿನಲ್ಲಿ ಧರ್ಮಶಾಸ್ತ್ರದ ವಿದ್ಯಾರ್ಥಿ, ಮಂಗಳೂರಿಗೆ ಬಂದದ್ದು 1836ರಲ್ಲಿ. 1843ರ ಜುಲೈ 1ರಂದು ಅವರು ಹೊರತಂದ ‘ಮಂಗಳೂರು ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಪ್ರತಿ ವರ್ಷ ಆ ದಿನ ನಾವು ಪತ್ರಿಕಾ ದಿನ ಆಚರಿಸುವುದು ಅದಕ್ಕಾಗಿಯೇ. ಆಗ ನಮ್ಮ ಕಾರವಾರ, ಕುಮಟಾ, ಹೊನ್ನಾವರಗಳೆಲ್ಲ ಮಂಗಳೂರಿನೊಂದಿಗೆ ಒಂದೇ ಕೆನರಾ ಜಿಲ್ಲೆಯಲ್ಲಿದ್ದವು. ಉತ್ತರದ ಭಾಗ ಮುಂಬಯಿ ಪ್ರಾಂತಕ್ಕೆ ಹೋದದ್ದು 1862ರಲ್ಲಿ. ಆದ್ದರಿಂದ ಆ ಪತ್ರಿಕೆಯನ್ನು ನಮ್ಮ ಜಿಲ್ಲೆಯ ಪತ್ರಿಕೆ ಎಂದೇ ನಾನು ಎಣಿಸುತ್ತೇನೆ.

ಮುದ್ರಣವಾದದ್ದು ಕಲ್ಲಚ್ಚಿನಲ್ಲಿ. ಅಚ್ಚಿನ ಮೊಳೆ ಜೋಡಿಸುವ ಕೆಲಸವಿಲ್ಲ. ಕೈಯಲ್ಲಿ ಬರೆದ ಅಕ್ಷರವೇ ಕಲ್ಲಿನ ಮೇಲೆ ಮೂಡಿ ಕಾಗದಕ್ಕೆ ಇಳಿಯುತ್ತದೆ. ಹಾಗಾಗಿ ಹಳೆಯ ಕಲ್ಲಚ್ಚಿನ ಪುಟ ನೋಡುವಾಗ ಯಾರೋ ಪ್ರತಿಕಾರನ ಕೈಬರಹವನ್ನೇ ಓದುತ್ತಿರುತ್ತೇವೆ. ಇದೇ ವಿಧಾನದಲ್ಲಿ ಮೋಗ್ಲಿಂಗ್ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಮತಪ್ರಚಾರಕ್ಕೆಂದು ಬಂದವರು ದಾಸರ ಪದಗಳನ್ನು ಕೂಡಿಟ್ಟರು. ಅವರ ಉದ್ದೇಶವೇನಿತ್ತು ಎಂಬ ವಾದ ಇನ್ನೂ ನಡೆಯುತ್ತದೆ, ನಡೆಯಲಿ. ಆ ಶ್ರದ್ಧೆಗೆ ಮಾತ್ರ ನಾನು ಕೈಮುಗಿಯುತ್ತೇನೆ. ಟ್ಯೂಬಿಂಗನ್ ಅವರಿಗೂ 1858ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು.

ಮಲಯಾಳದ ನಿಘಂಟುಕಾರ ಹರ್ಮನ್ ಗುಂಡರ್ಟ್ ಕೂಡ ಅದೇ ಟ್ಯೂಬಿಂಗನ್ನಿನಲ್ಲಿ ಓದಿದವರು. ಅವರ ಮೊಮ್ಮಗನೇ ಕಾದಂಬರಿಕಾರ ಹರ್ಮನ್ ಹೆಸ್ಸೆ. ಹೆಸ್ಸೆಯನ್ನೂ ಹಳೆಯ ವಿದ್ಯಾರ್ಥಿಗಳ ಸಾಲಿಗೆ ಸೇರಿಸುವವರಿದ್ದಾರೆ. ಅವರು ಆ ಊರಿನಲ್ಲಿದ್ದದ್ದು ಪುಸ್ತಕದಂಗಡಿಯ ಕೆಲಸಗಾರನಾಗಿ, 1895ರಿಂದ 1899ರವರೆಗೆ.

ರಸಪ್ರಶ್ನೆ ಸ್ಪರ್ಧೆಗೆ ತಯಾರಾಗುತ್ತಿದ್ದೇನೆ. ಟ್ಯೂಬಿಂಗನ್ನಿನ ಹತ್ತು ಪ್ರಸಿದ್ಧರ ಹೆಸರು ಕೊಡಿ.
– ಕಾರವಾರದ ಓದುಗ

ಹತ್ತು ಹೆಸರು ಬಾಯಿಪಾಠವಾದರೆ ಸ್ಪರ್ಧೆ ಗೆಲ್ಲಬಹುದು, ಮರುದಿನ ಒಂದೂ ನೆನಪಿರುವುದಿಲ್ಲ. ಅದಕ್ಕೇ ನಿಮಗೆ ಒಂದು ಕೋಣೆ ಮತ್ತು ಒಂದು ಯಂತ್ರದ ಕತೆ ಹೇಳುತ್ತೇನೆ.

ಕೋಣೆ ಧರ್ಮಶಾಸ್ತ್ರದ ವಿದ್ಯಾರ್ಥಿನಿಲಯದ್ದು. 1790ರ ಸುಮಾರಿಗೆ ಅದರಲ್ಲಿ ಮೂವರು ಹುಡುಗರು ಒಟ್ಟಿಗಿದ್ದರು: ಹೆಗೆಲ್, ಶೆಲ್ಲಿಂಗ್, ಹೋಲ್ಡರ್ಲಿನ್. ಮೊದಲಿನಿಬ್ಬರು ತತ್ವಶಾಸ್ತ್ರದ ದಿಕ್ಕನ್ನೇ ಬದಲಿಸಿದರು. ಮೂರನೆಯವನು ದೊಡ್ಡ ಕವಿ. ಅವನ ಮನಸ್ಸು ಕದಡಿದಾಗ ಮರಗೆಲಸದ ಒಬ್ಬ ಸಜ್ಜನ ನದಿಯ ಪಕ್ಕದ ತನ್ನ ಮನೆಯಲ್ಲಿ ಇಟ್ಟುಕೊಂಡ. 1807ರಿಂದ 1843ರವರೆಗೆ, ಎಂದರೆ ಆಯುಸ್ಸಿನ ಅರ್ಧದಷ್ಟು, ಕವಿ ಅಲ್ಲೇ ಇದ್ದ. ಮೋಗ್ಲಿಂಗ್ ವಿದ್ಯಾರ್ಥಿಯಾಗಿದ್ದಾಗ ಆ ಮನೆಯ ಗೋಪುರದ ಕೋಣೆಯಲ್ಲಿ ಹೋಲ್ಡರ್ಲಿನ್ ಇನ್ನೂ ಬದುಕಿದ್ದ. ಕವಿ ತೀರಿಕೊಂಡದ್ದು 1843ರ ಜೂನ್‌ನಲ್ಲಿ. ಮರು ತಿಂಗಳು ಮಂಗಳೂರಿನಲ್ಲಿ ನಮ್ಮ ಮೊದಲ ಪತ್ರಿಕೆ ಹುಟ್ಟಿತು.

ಯಂತ್ರ ವಿಲ್‌ಹೆಲ್ಮ್ ಶಿಕಾರ್ಡ್ ಎಂಬ ಪ್ರಾಧ್ಯಾಪಕರದ್ದು. ಪಾಠ ಹೇಳುತ್ತಿದ್ದದ್ದು ಹೀಬ್ರೂ ಭಾಷೆ, ಮುಂದೆ ಖಗೋಳವನ್ನೂ. 1623ರಲ್ಲಿ ಆರು ಅಂಕಿಗಳವರೆಗೆ ಕೂಡಿಸಿ ಕಳೆಯುವ ಯಂತ್ರ ಮಾಡಿದೆನೆಂದು ಗ್ರಹಗಳ ಚಲನೆಯ ನಿಯಮ ಕಂಡುಹಿಡಿದ ಕೆಪ್ಲರನಿಗೆ ಪತ್ರ ಬರೆದರು. ಕೂಡಿಸುವ ಲೆಕ್ಕದಲ್ಲಿ ‘ದಶಕ ಒಂದು’ ಎಂದು ಪಕ್ಕದ ಮನೆಗೆ ಸಾಗಿಸುತ್ತೇವಲ್ಲ, ಆ ಕೆಲಸವನ್ನು ಹಲ್ಲಿನ ಚಕ್ರಕ್ಕೆ ಒಪ್ಪಿಸಿದ್ದರು. ಲೆಕ್ಕ ಆರು ಅಂಕಿ ಮೀರಿದರೆ ಗಂಟೆ ಬಾರಿಸುವ ಏರ್ಪಾಟೂ ಇತ್ತು. ಕೆಪ್ಲರನಿಗೆಂದು ಮಾಡಿಸುತ್ತಿದ್ದ ಇನ್ನೊಂದು ಯಂತ್ರ ಬೆಂಕಿಯಲ್ಲಿ ಸುಟ್ಟುಹೋಯಿತು. ಶಿಕಾರ್ಡ್ 1635ರಲ್ಲಿ ಪ್ಲೇಗಿಗೆ ಬಲಿಯಾದರು. ಮುನ್ನೂರು ವರ್ಷಗಳ ಮೇಲೆ ಆ ಪತ್ರಗಳು ವಿದ್ವಾಂಸರ ಕಣ್ಣಿಗೆ ಬಿದ್ದು, ಟ್ಯೂಬಿಂಗನ್ನಿನ ಪ್ರಾಧ್ಯಾಪಕರೊಬ್ಬರೇ 1960ರಲ್ಲಿ ಅದನ್ನು ಮತ್ತೆ ಕಟ್ಟಿ ಓಡಿಸಿ ತೋರಿಸಿದರು. ಕೆಪ್ಲರ್ ಕೂಡ ಅಲ್ಲಿನ ವಿದ್ಯಾರ್ಥಿಯೇ. ಭೂಮಿಯೇ ಸೂರ್ಯನ ಸುತ್ತ ತಿರುಗುತ್ತದೆಂಬ ಕೊಪರ್ನಿಕಸನ ವಿಚಾರವನ್ನು ಅವನಿಗೆ ತಿಳಿಸಿಕೊಟ್ಟವರು ಮೆಸ್ಟ್‌ಲಿನ್ ಎಂಬ ಗುರುಗಳು. ಸ್ಪರ್ಧೆಯಲ್ಲಿ ಇವರ ಹೆಸರನ್ನು ಯಾರೂ ಕೇಳುವುದಿಲ್ಲ. ನೀವಾದರೂ ನೆನಪಿಡಿ.

ಡಿಎನ್‌ಎ ಕಂಡುಹಿಡಿದದ್ದು ಅಡುಗೆಮನೆಯಲ್ಲಿ ಎಂದು ಮಕ್ಕಳಿಗೆ ಹೇಳಿದೆ. ಅವರು ನಂಬಲಿಲ್ಲ. ಸರಿಯಾದ ವಿವರ ಬೇಕು.
– ಹೈಸ್ಕೂಲು ಶಿಕ್ಷಕಿ, ಹೊನ್ನಾವರ

ನೀವು ಹೇಳಿದ್ದು ಸರಿ. ಟ್ಯೂಬಿಂಗನ್ ಕೋಟೆಯ ಹಳೆಯ ಅಡುಗೆಮನೆಯನ್ನೇ ಪ್ರಯೋಗಾಲಯ ಮಾಡಿಕೊಳ್ಳಲಾಗಿತ್ತು. ರಕ್ತದ ಕೆಂಪು ವಸ್ತುವಿಗೆ ಹಿಮೋಗ್ಲೋಬಿನ್ ಎಂದು ಹೆಸರಿಟ್ಟ ಹೊಪ್ಪೆ-ಸೈಲರ್ ಅಲ್ಲಿನ ಪ್ರಾಧ್ಯಾಪಕರು. ಅವರ ಬಳಿ ಬಾಸೆಲ್ಲಿನ ಫ್ರೆಡ್ರಿಕ್ ಮೀಶರ್ ಎಂಬ ಯುವಕ ವೈದ್ಯ ಕೆಲಸಕ್ಕೆ ಸೇರಿದ್ದರು. ಆಸ್ಪತ್ರೆಯಿಂದ ಗಾಯಕ್ಕೆ ಕಟ್ಟಿದ ಬಟ್ಟೆಗಳನ್ನು ತರಿಸಿ, ಅವುಗಳ ಕೀವಿನಲ್ಲಿದ್ದ ಬಿಳಿ ರಕ್ತಕಣಗಳನ್ನು ಉಪ್ಪಿನ ದ್ರಾವಣದಲ್ಲಿ ತೊಳೆದು ತೆಗೆದರು. ಹಂದಿಯ ಜಠರದಿಂದ ಪಡೆದ ಪೆಪ್ಸಿನ್‌ನಿಂದ ಪ್ರೋಟೀನನ್ನು ಕರಗಿಸಿದರು. ಉಳಿದ ಕೋಶಕೇಂದ್ರಗಳಿಂದ ಅವರು ಬೇರ್ಪಡಿಸಿದ ವಸ್ತುವಿನಲ್ಲಿ ರಂಜಕ ಹೇರಳವಾಗಿತ್ತು. ಅದು ಯಾವ ಪ್ರೋಟೀನನ್ನೂ ಹೋಲುತ್ತಿರಲಿಲ್ಲ. ಇದು 1869. ಅವರು ಅದನ್ನು ನ್ಯೂಕ್ಲೀನ್ ಎಂದು ಕರೆದರು. ನಾವಿಂದು ಡಿಎನ್‌ಎ ಎನ್ನುವುದು ಅದನ್ನೇ.

ಮಕ್ಕಳಿಗೆ ಮುಂದಿನ ಸಂಗತಿಯನ್ನು ತಪ್ಪದೇ ಹೇಳಿ. ಗುರುಗಳು ಶಿಷ್ಯನ ಮಾತನ್ನು ತಕ್ಷಣ ಅಚ್ಚಿಗೆ ಕೊಡಲಿಲ್ಲ. ಪ್ರಯೋಗವನ್ನು ತಾವೇ ಮತ್ತೆ ಮಾಡಿ, ಸರಿಯೆಂದು ಖಾತ್ರಿಯಾದ ಮೇಲೆ 1871ರಲ್ಲಿ ಪ್ರಕಟಿಸಿದರು. ಶಿಷ್ಯನ ಹೆಸರಿನಲ್ಲೇ ಪ್ರಕಟಿಸಿದರು.

ಗೋಕರ್ಣದಲ್ಲಿ ವೇದಾಧ್ಯಯನ ಮಾಡಿದವನು ನಾನು. ಜರ್ಮನಿಯಲ್ಲಿ ವೇದ ಓದಿದವರು ಯಾರಾದರೂ ಟ್ಯೂಬಿಂಗನ್ನಿನಲ್ಲಿದ್ದರೇ?
– ಗೋಕರ್ಣದ ಹಿರಿಯ ಓದುಗರು

ಇದ್ದರು. ರುಡಾಲ್ಫ್ ರೋಟ್ ಅಲ್ಲಿ ದೀರ್ಘಕಾಲ ಸಂಸ್ಕೃತ ಪ್ರಾಧ್ಯಾಪಕರಾಗಿದ್ದರು. ಬ್ಯೋಟ್ಲಿಂಕ್ ಎಂಬ ಸಂಸ್ಕೃತ ವಿದ್ವಾಂಸರ ಜೊತೆಗೂಡಿ 1855ರಿಂದ 1875ರವರೆಗೆ ಏಳು ಸಂಪುಟಗಳ ಸಂಸ್ಕೃತ ಕೋಶ ಸಿದ್ಧಪಡಿಸಿದರು. ಅದರಲ್ಲಿ ವೈದಿಕ ಪದಗಳ ಹೊಣೆ ಇವರದು. ಅಮೆರಿಕದ ಶಿಷ್ಯ ವಿಟ್ನಿಯೊಡನೆ ಅಥರ್ವವೇದ ಸಂಹಿತೆಯನ್ನು ಅಚ್ಚಿಗೆ ತಂದರು. ಅಥರ್ವದ ಪೈಪ್ಪಲಾದ ಶಾಖೆಯ ಶಾರದಾ ಲಿಪಿಯ ಭೂರ್ಜಪತ್ರದ ಪ್ರತಿಯೊಂದು ಕಾಶ್ಮೀರದಿಂದ ಅವರ ಕೈಸೇರಿ, ಟ್ಯೂಬಿಂಗನ್ ಗ್ರಂಥಾಲಯಕ್ಕೆ ಹೋಯಿತು. ಸ್ವರಸಹಿತ ಬಾಯಿಂದ ಬಾಯಿಗೆ ಬಂದ ನಿಮ್ಮ ಪಾಠ ಅವರಿಗೆ ಸಿಕ್ಕಿರಲಿಲ್ಲ. ಅವರ ವೇದ ಹಾಳೆಯ ಮೇಲಿನದು.

ಎಲ್ಲ ಗಂಡಸರ ಹೆಸರೇ ಬರುತ್ತಿದೆಯಲ್ಲ?
– ಅಂಕೋಲಾದ ಓದುಗಿ

ಸರಿಯಾಗಿ ಕೇಳಿದಿರಿ. ನಾಲ್ಕು ಶತಮಾನ ಹೆಣ್ಣುಮಕ್ಕಳಿಗೆ ಆ ಬಾಗಿಲು ತೆರೆಯಲಿಲ್ಲ. 1892ರಲ್ಲಿ ಮಾರಿಯಾ ಫಾನ್ ಲಿಂಡನ್ ವಿಶೇಷ ಅನುಮತಿ ಪಡೆದು ಅಲ್ಲಿನ ಮೊದಲ ವಿದ್ಯಾರ್ಥಿನಿಯಾದರು. 1895ರಲ್ಲಿ ಪ್ರಾಣಿಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಉಳಿದವರಿಗೆ ಹಕ್ಕಿನಿಂದ ಪ್ರವೇಶ ಸಿಕ್ಕಿದ್ದು 1904ರಲ್ಲಿ. ಅದೇ ಟ್ಯೂಬಿಂಗನ್ನಿನಿಂದ 1973ರಲ್ಲಿ ಡಾಕ್ಟರೇಟ್ ಪಡೆದ ಕ್ರಿಸ್ಟಿಯಾನೆ ನ್ಯೂಸ್‌ಲೈನ್-ಫೋಲ್‌ಹಾರ್ಡ್, ಹಣ್ಣಿನ ನೊಣದ ಭ್ರೂಣ ಹೇಗೆ ರೂಪ ತಳೆಯುತ್ತದೆಂದು ತೋರಿಸಿ 1995ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ಇಷ್ಟು ವಿದ್ವಾಂಸರಿದ್ದ ಊರು ಹಿಟ್ಲರನ ಕಾಲದಲ್ಲಿ ಏನು ಮಾಡಿತು?
– ಯಲ್ಲಾಪುರದ ಓದುಗ

ತಲೆಬಾಗಿತು. ಕೆಲವರು ತಲೆಬಾಗಿದ್ದಷ್ಟೇ ಅಲ್ಲ, ಮುಂದೆ ನಿಂತರು. ಅಲ್ಲಿ ಕಾನೂನು ಓದಿ ಡಾಕ್ಟರೇಟ್ ಪಡೆದ ವಾಲ್ಟರ್ ಸ್ಟಾಲೆಕರ್ 1941ರಲ್ಲಿ ಬಾಲ್ಟಿಕ್ ನಾಡುಗಳಲ್ಲಿ ಯಹೂದಿಯರನ್ನು ಕೊಲ್ಲುವ ದಳದ ಮುಖ್ಯಸ್ಥನಾದ. ಆ ದಳ ಕೊಂದವರ ಸಂಖ್ಯೆ ಲಕ್ಷವನ್ನು ಮೀರುತ್ತದೆ. ಅದೇ ದಳದ ಒಂದು ತುಕಡಿಯ ಮುಖ್ಯಸ್ಥ ಮಾರ್ಟಿನ್ ಸ್ಯಾಂಡ್‌ಬರ್ಗರ್ ಕೂಡ ಅಲ್ಲಿಯೇ ಕಾನೂನು ಓದಿದವನು. ಹಳೆಯ ವಿದ್ಯಾರ್ಥಿಗಳ ಹೆಸರು ಹೇಳುವಾಗ ಇವರನ್ನು ಬಿಟ್ಟರೆ ಅದು ಸುಳ್ಳು ಹೇಳಿದಂತೆ. ಓದು ಅವರನ್ನು ತಡೆಯಲಿಲ್ಲ ಎಂಬುದು ಪಾಠ ಹೇಳಿ ಬಾಳಿದ ನನ್ನಂಥವಳಿಗೆ ಇಂದಿಗೂ ನುಂಗಲಾಗದ ಸತ್ಯ.

ಅಡಿಕೆ ತೋಟದ ಮಧ್ಯೆ ಹಾಕಿದ ಜಾಯಿಕಾಯಿ ಗಿಡಗಳು ಹೂ ಬಿಡುತ್ತವೆ, ಕೆಲವಕ್ಕೆ ಕಾಯಿ ಇಲ್ಲ. ಗಂಡು ಗಿಡ, ಕಡಿದು ಹಾಕಿ ಎನ್ನುತ್ತಾರೆ. ಗಿಡದಲ್ಲಿ ಗಂಡು–ಹೆಣ್ಣು ಎಂದು ಮೊದಲು ತೋರಿಸಿದವರು ಯಾರು? ಕಡಿಯಬೇಕೇ?
– ಶಿರಸಿ ತಾಲೂಕಿನ ಕೃಷಿಕರು

ನಿಮ್ಮ ಪತ್ರ ಓದಿ ನನಗೆ ಬಹಳ ಸಂತೋಷವಾಯಿತು, ಏಕೆಂದರೆ ಉತ್ತರ ಮತ್ತೆ ಟ್ಯೂಬಿಂಗನ್ನಿಗೇ ಹೋಗುತ್ತದೆ, ನಾನು ಕಲಿಸುತ್ತಿದ್ದ ಸಸ್ಯಶಾಸ್ತ್ರಕ್ಕೂ ಬರುತ್ತದೆ. ಗಂಡು ಖರ್ಜೂರದ ಹೂವನ್ನು ಹೆಣ್ಣು ಮರಕ್ಕೆ ಕಟ್ಟುವ ರೂಢಿ ಬಹು ಹಿಂದಿನದು. ಆದರೆ ಹೂವಿನ ಧೂಳಿಲ್ಲದೆ ಬೀಜವಿಲ್ಲ ಎಂದು ಪ್ರಯೋಗ ಮಾಡಿ ತೋರಿಸಿದವರು ರುಡಾಲ್ಫ್ ಯಾಕೋಬ್ ಕ್ಯಾಮರೇರಿಯಸ್. ಟ್ಯೂಬಿಂಗನ್ನಿನ ವೈದ್ಯಶಾಸ್ತ್ರದ ಪ್ರಾಧ್ಯಾಪಕರು, ಅಲ್ಲಿನ ಸಸ್ಯೋದ್ಯಾನದ ಮುಖ್ಯಸ್ಥರು. 1694ರ ಆಗಸ್ಟ್‌ನಲ್ಲಿ ಗೀಸನ್ನಿನ ಪ್ರಾಧ್ಯಾಪಕರೊಬ್ಬರಿಗೆ ಪತ್ರದ ರೂಪದಲ್ಲಿ ಅದನ್ನು ಬರೆದರು.

ಅವರು ಆರಿಸಿಕೊಂಡ ಗಿಡಗಳಲ್ಲಿ ಒಂದು ನಮ್ಮ ಹಿತ್ತಲಿನ ಹರಳು. ನಾನು ತರಗತಿಗೆ ಹರಳಿನ ಹೂಗೊಂಚಲನ್ನೇ ಒಯ್ಯುತ್ತಿದ್ದೆ, ನೀವೂ ಒಂದನ್ನು ಮುರಿದು ನೋಡಿ. ಕೆಳಗಿನ ಹಳದಿ ಧೂಳಿನವು ಗಂಡು, ಮೇಲೆ ಕೆಂಪು ಕೂದಲಿನಂತೆ ತುದಿ ಚಾಚಿದವು ಹೆಣ್ಣು. ಕ್ಯಾಮರೇರಿಯಸ್ ಗಂಡು ಮೊಗ್ಗುಗಳನ್ನು ಅರಳುವ ಮೊದಲೇ ಚಿವುಟಿ ತೆಗೆದರು. ಕಾಯಿ ಜೊಳ್ಳಾಗಿ ಒಣಗಿತು, ಬೀಜ ಕಟ್ಟಲಿಲ್ಲ. ಗಂಡು ಗಿಡ ಹತ್ತಿರವಿಲ್ಲದ ಹಿಪ್ಪುನೇರಳೆ ಹಣ್ಣು ಬಿಟ್ಟಿತು, ಒಳಗೆ ಬೀಜ ಖಾಲಿ. ಭಂಗಿ ಗಿಡದಲ್ಲಿ ಮಾತ್ರ ಲೆಕ್ಕ ತಪ್ಪಿತು; ಬೇರ್ಪಡಿಸಿದ ಗಿಡದಲ್ಲೂ ಬೀಜ ಬಂತು. ಅದನ್ನೂ ಮುಚ್ಚಿಡದೆ ಬರೆದರು. ಆ ಪ್ರಾಮಾಣಿಕತೆಗಾಗಿ ಅವರು ನನಗೆ ಟ್ಯೂಬಿಂಗನ್ನಿನ ಎಲ್ಲರಿಗಿಂತ ಪ್ರಿಯರು. ವೆನಿಲಾ ಕಾಲದಲ್ಲಿ ನಮ್ಮ ಸೀಮೆಯ ಹೆಂಗಸರು ಬೆಳಗಾಗುತ್ತಲೇ ಕಡ್ಡಿ ಹಿಡಿದು ಒಂದೊಂದೇ ಹೂವಿಗೆ ಪರಾಗ ಮುಟ್ಟಿಸುತ್ತಿದ್ದರಲ್ಲ, ಆ ಕೆಲಸದ ಬುಡದಲ್ಲಿರುವುದೂ ಇದೇ ತಿಳಿವಳಿಕೆ.

ಈಗ ನಿಮ್ಮ ತೋಟಕ್ಕೆ ಬರೋಣ. ಬೀಜದಿಂದ ಎದ್ದ ಜಾಯಿಕಾಯಿ ಸಸಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು, ಹೂ ಬಿಡುವವರೆಗೆ ಗೊತ್ತಾಗುವುದಿಲ್ಲ. ಹೂವನ್ನು ಉಗುರಿನಿಂದ ಸೀಳಿ ನೋಡಿ. ನಡುವೆ ಸಣ್ಣ ಕಂಬದ ಸುತ್ತ ಧೂಳಿನ ಚೀಲಗಳು ಅಂಟಿಕೊಂಡಿದ್ದರೆ ಗಂಡು, ಇಂಥ ಹೂಗಳು ಗೊಂಚಲಾಗಿ ಬರುತ್ತವೆ. ಬುಡ ಉಬ್ಬಿ ಒಳಗೆ ಎಳೆಗಾಯಿ ಕಂಡರೆ ಹೆಣ್ಣು. ಎಲ್ಲ ಗಂಡು ಗಿಡಗಳನ್ನೂ ಕಡಿಯಬೇಡಿ. ಕಡಿದರೆ ಉಳಿದ ಹೆಣ್ಣು ಗಿಡಗಳೂ ಬರಿದಾಗುತ್ತವೆ. ಹತ್ತು ಹೆಣ್ಣಿಗೆ ಒಂದು ಗಂಡು ಇರಲಿ, ಅದೂ ತೋಟದ ಒಂದು ಮೂಲೆಯಲ್ಲಲ್ಲ, ನಡುನಡುವೆ. ಹೆಚ್ಚಾದ ಗಂಡು ಗಿಡಗಳನ್ನು ಮೊಟಕು ಮಾಡಿ, ಹೊಸ ಚಿಗುರು ಬಂದ ಮೇಲೆ ಚೆನ್ನಾಗಿ ಕಾಯಿ ಬಿಡುವ ಹೆಣ್ಣು ಮರದ ಕಡ್ಡಿ ತಂದು ಕಸಿ ಕಟ್ಟಿಸಿ. ಕಸಿ ಕಟ್ಟಲು ಬಲ್ಲವರು ನಿಮ್ಮ ತಾಲೂಕಿನಲ್ಲೇ ಸಿಗುತ್ತಾರೆ. ಕಡ್ಡಿಯನ್ನು ನೇರ ಮೇಲಕ್ಕೆ ಬೆಳೆಯುವ ಚಿಗುರಿನಿಂದ ತೆಗೆಯಲು ಹೇಳಿ, ಅಡ್ಡ ಕೊಂಬೆಯದಾದರೆ ಗಿಡ ಪೊದೆಯಂತೆ ಹರಡಿಕೊಳ್ಳುತ್ತದೆ.